ಮಷೀನ್ ಕಿಡ್ನಿಗೆ, ಲೆಕ್ಕ ಎದೆಗೆ

ಮೊನ್ನೆ ಕಬ್ಬೂರಿಗೆ ಹೋದಾಗ ಕಾಕಾ ತಮ್ಮ ಡಯಾಲಿಸಿಸ್ ಫೈಲು ತೋರಿಸಿದರು. "ಕಿಡ್ನಿ ಕೆಲಸ ಮಷೀನ್ ಮಾಡತೈತಿ, ಮತ್ತ ಡಾಕ್ಟರು ಎದಿ ಯಾಕ ನೋಡತಾರ?" ಅಂದ್ರು. ಉತ್ತರ ಹುಡುಕಹೊರಟರೆ ಹಳೆಯ ಕಥೆಯೊಂದು ಸಿಕ್ಕಿತು.

1943ರಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯ ಯಂತ್ರ ಕಟ್ಟಿದ. ಆದರೆ ಪ್ರತಿ ಸಲ ರಕ್ತನಾಳ ಕೊಯ್ಯಬೇಕಿತ್ತು. ಕೆಲವೇ ಸಲಕ್ಕೆ ನಾಳಗಳೇ ಮುಗಿಯುತ್ತಿದ್ದವು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿಗೆ ಕಾಯಂ ಟೆಫ್ಲಾನ್ ನಳಿಕೆ ಹಾಕಿ ಆ ತೊಂದರೆ ನೀಗಿಸಿದ. ಅವನ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಸುಮಾರು 11 ವರ್ಷ ಬದುಕಿದ. ಕೊನೆಗೆ ಹೋದದ್ದು ಹೃದಯಾಘಾತದಿಂದ! ದೀರ್ಘ ಡಯಾಲಿಸಿಸ್‌ನವರ ರಕ್ತನಾಳಗಳಲ್ಲಿ ಬೇಗ ಕೊಬ್ಬು ಕಟ್ಟುತ್ತದೆಂದು 1974ರಲ್ಲಿ ಸ್ಕ್ರಿಬ್ನರ್ ತಂಡವೇ ಬರೆಯಿತು.

ಆಮೇಲೆ ತಿಳಿದದ್ದು ಇನ್ನೂ ವಿಚಿತ್ರ. ಇವರಲ್ಲಿ ಕೊಲೆಸ್ಟರಾಲ್ ಕಡಿಮೆಯಿದ್ದರೆ ಖುಷಿಪಡುವ ಹಾಗಿಲ್ಲ; ಊಟ ಸೇರದೆ ಸೊರಗಿದ್ದರ ಗುರುತಿರಬಹುದು. ಅಲ್ಬುಮಿನ್ ಇಳಿದರೂ, ರಂಜಕ ಏರಿದರೂ ಎದೆಗೆ ಅಪಾಯ ಹೆಚ್ಚು. ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಂತರೆ ಆ ಭಾರವನ್ನೂ ಹೃದಯವೇ ಹೊರಬೇಕು. ವರ್ಷಗಟ್ಟಲೆ ಹೊತ್ತು ಅದು ದಪ್ಪವಾಗಿ, ಒಂದು ದಿನ ಸೋಲುತ್ತದೆ.

ಕಾಕಾನ ಫೈಲಿನಲ್ಲಿ ಅಲ್ಬುಮಿನ್ 3.1 ಇತ್ತು. "ಮಷೀನ್ ನಾಕು ತಾಸು ದುಡಿತೈತಿ ಕಾಕಾ, ಎದಿ ಇಪ್ಪತ್ನಾಕು ತಾಸು" ಅಂದೆ. ಅವರು ಮಾತಾಡಲಿಲ್ಲ, ಕೈಯಲ್ಲಿದ್ದ ನೀರಿನ ತಂಬಿಗೆ ಪಕ್ಕಕ್ಕಿಟ್ಟರು.

ನಿಮ್ಮ ಮನೆಯಲ್ಲೂ ಇಂಥ ಫೈಲಿದ್ದರೆ ಒಮ್ಮೆ ತೆರೆದು ನೋಡಿ.