ವಿಳಾಸವಿಲ್ಲದ ಮಕ್ಕಳಿಗೆ ಶಾಲೆಯ ಬಾಗಿಲು

ಮಗುವನ್ನು ಶಾಲೆಗೆ ಸೇರಿಸಲು ಹೋದವರನ್ನು ಮೊದಲು ಕೇಳುವುದು ಮನೆಯ ವಿಳಾಸ. ಅಮೆರಿಕದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಅಲ್ಲಿನ ಸರ್ಕಾರಿ ಶಾಲೆಗಳು ಸ್ಥಳೀಯ ಶಾಲಾ ಜಿಲ್ಲೆಗಳ ಆಡಳಿತಕ್ಕೆ ಸೇರಿವೆ. ಖರ್ಚಿನ ದೊಡ್ಡ ಪಾಲು ಆ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಹಾಗಾಗಿ ಜಿಲ್ಲೆಯ ನಿವಾಸಿಗಳ ಮಕ್ಕಳಿಗೆ ಮಾತ್ರ ಪ್ರವೇಶ ಎಂಬುದು ಹಳೆಯ ಪದ್ಧತಿ. ಬಾಡಿಗೆ ಕರಾರನ್ನೋ ವಿದ್ಯುತ್ ಬಿಲ್ಲನ್ನೋ ತೋರಿಸಬೇಕು. ಮನೆಯೇ ಇಲ್ಲದವರು ಏನನ್ನು ತೋರಿಸಬೇಕು?

1980ರ ದಶಕದಲ್ಲಿ ಈ ಪ್ರಶ್ನೆ ದೊಡ್ಡದಾಯಿತು. ಆರ್ಥಿಕ ಹಿಂಜರಿತ, ಏರಿದ ಬಾಡಿಗೆ, ವಸತಿ ಯೋಜನೆಗಳ ಅನುದಾನ ಕಡಿತ ಇವೆಲ್ಲ ಸೇರಿ ಇಡೀ ಕುಟುಂಬಗಳು ಬೀದಿಗೆ ಬಂದವು. ನ್ಯೂಯಾರ್ಕಿನ ಮಾರ್ಟಿನಿಕ್ ಹೋಟೆಲೊಂದರಲ್ಲೇ ನೂರಾರು ಕುಟುಂಬಗಳನ್ನು ನಗರಾಡಳಿತ ಇರಿಸಿತ್ತು. ಒಂದು ಶಾಲೆ 'ನೀವು ಈಗ ನಮ್ಮ ಜಿಲ್ಲೆಯವರಲ್ಲ' ಎಂದರೆ, ಇನ್ನೊಂದು 'ನೀವು ಇಲ್ಲಿ ತಾತ್ಕಾಲಿಕವಾಗಿ ಇದ್ದೀರಿ' ಎನ್ನುತ್ತಿತ್ತು. ಎರಡರ ನಡುವೆ ಮಗುವಿನ ಪಾಠ ನಿಲ್ಲುತ್ತಿತ್ತು.

1987ರ ಜುಲೈನಲ್ಲಿ ಅಧ್ಯಕ್ಷ ರೇಗನ್ ನಿರ್ವಸಿತರ ನೆರವಿನ ಕಾನೂನಿಗೆ ಸಹಿ ಹಾಕಿದರು. ಆ ವರ್ಷವೇ ತೀರಿಕೊಂಡಿದ್ದ ಕನೆಕ್ಟಿಕಟ್‌ನ ಸಂಸದ ಸ್ಟುವರ್ಟ್ ಮೆಕಿನ್ನಿಯವರ ಹೆಸರನ್ನು ಅದಕ್ಕೆ ಇಡಲಾಯಿತು. 2000ದಲ್ಲಿ ಮಿನ್ನೆಸೋಟಾದ ಬ್ರೂಸ್ ವೆಂಟೋ ಅವರ ಹೆಸರೂ ಸೇರಿತು. ಮನೆಯಿಲ್ಲದ ಮಕ್ಕಳ ಶಿಕ್ಷಣಕ್ಕೆ ಅಡ್ಡಿಯಾಗುವ ನಿವಾಸ ನಿಯಮಗಳನ್ನು ರಾಜ್ಯಗಳು ಪರಿಶೀಲಿಸಬೇಕೆಂದು ಕಾನೂನು ಹೇಳಿತು. 1990ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿಗೊಳಿಸಿತು.

ಆದರೆ ಕಾಗದದ ಹಕ್ಕು ಮಗುವನ್ನು ಶಾಲೆಗೆ ಮುಟ್ಟಿಸಲಿಲ್ಲ. ರಾಜಧಾನಿ ವಾಷಿಂಗ್ಟನ್‌ನಲ್ಲೇ ಆಶ್ರಯತಾಣದ ತಾಯಂದಿರು ನಗರಾಡಳಿತದ ವಿರುದ್ಧ ದಾವೆ ಹೂಡಿದರು. ದೂರದ ಶಾಲೆಗೆ ಹೋಗಲು ಮಕ್ಕಳಿಗೆ ಬಸ್ಸಿನ ವ್ಯವಸ್ಥೆ ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಈ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಹುದೆಂದು ಮೇಲ್ಮನವಿ ನ್ಯಾಯಾಲಯ 1994ರಲ್ಲಿ ಲ್ಯಾಂಪ್‌ಕಿನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ನಗರಾಡಳಿತ ಅನುದಾನವನ್ನೇ ಬಿಟ್ಟುಕೊಟ್ಟು ಯೋಜನೆಯಿಂದ ಹೊರಬಂದು ಹೊಣೆ ತಪ್ಪಿಸಿಕೊಂಡಿತು. ಗೆದ್ದರೂ ತಾಯಂದಿರಿಗೆ ದಕ್ಕಿದ್ದು ಕಡಿಮೆ.

ಈ ಲೋಪಗಳನ್ನು ತುಂಬಲು ಹೊರಟದ್ದು 2001ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ. ಅದರಂತೆ ವರ್ಗಾವಣೆ ಪತ್ರ, ಲಸಿಕೆಯ ದಾಖಲೆ, ವಿಳಾಸದ ಪುರಾವೆ ಇಲ್ಲದಿದ್ದರೂ ಮಗುವನ್ನು ಕೂಡಲೇ ಸೇರಿಸಿಕೊಳ್ಳಬೇಕು. ಹಿತಕ್ಕೆ ಒಪ್ಪುವುದಾದರೆ ಮಗು ಹಳೆಯ ಶಾಲೆಯಲ್ಲೇ ಮುಂದುವರಿಯಬಹುದು. ಪೋಷಕರು ಕೇಳಿದರೆ ಪ್ರಯಾಣದ ವ್ಯವಸ್ಥೆಯನ್ನೂ ಮಾಡಬೇಕು. ಪ್ರತಿ ಶಾಲಾ ಜಿಲ್ಲೆಯಲ್ಲೂ ಒಬ್ಬ ಸಂಪರ್ಕಾಧಿಕಾರಿ ಇರಬೇಕು. 2005ರಲ್ಲಿ ಕತ್ರಿನಾ ಚಂಡಮಾರುತದಿಂದ ಮನೆ ಕಳೆದುಕೊಂಡ ಮಕ್ಕಳು ದಾಖಲೆಗಳಿಲ್ಲದೆ ಬೇರೆ ರಾಜ್ಯಗಳ ಶಾಲೆಗಳಿಗೆ ಬಂದಾಗ ಈ ನಿಯಮಗಳು ಕೆಲಸಕ್ಕೆ ಬಂದವು.

ಹಳೆಯ ಶಾಲೆಗೆ ಇಷ್ಟು ಮಹತ್ವವೇಕೆ? ಮನೆ ಕಳೆದುಕೊಂಡ ಮಗುವಿಗೆ ಬದಲಾಗದೆ ಉಳಿಯುವುದು ಅದೇ ಮೇಷ್ಟ್ರು, ಅದೇ ಗೆಳೆಯರು, ಮಧ್ಯಾಹ್ನದ ಊಟ. ಇಂಥ ಮಗು ನಾಚಿಕೆಯಿಂದ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವುದಿಲ್ಲ. ತರಗತಿಯಲ್ಲಿ ತೂಕಡಿಸುವುದು, ಮನೆಗೆಲಸ ತಾರದಿರುವುದು ಸೋಮಾರಿತನವಲ್ಲ, ರಾತ್ರಿ ಕಾರಿನಲ್ಲಿ ಮಲಗಿದ್ದರ ಫಲವಿರಬಹುದು ಎಂದು ಶಿಕ್ಷಕರು ಊಹಿಸಬಲ್ಲರಾದರೆ ನೆರವು ಅಲ್ಲಿಂದಲೇ ಶುರುವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಶಾಲೆಗಳು ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳನ್ನು ಗುರುತಿಸಿವೆ. ಅವರಲ್ಲಿ ಹೆಚ್ಚಿನವರು ಬೀದಿಯಲ್ಲಿಲ್ಲ. ನೆಂಟರಿಷ್ಟರ ಮನೆಯಲ್ಲಿ ಇಕ್ಕಟ್ಟಿನಲ್ಲಿ ದಿನ ದೂಡುವವರು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವರು ಮನೆಯಿಲ್ಲದವರು. ವಸತಿ ಇಲಾಖೆಯ ವ್ಯಾಖ್ಯೆಯಲ್ಲಾದರೋ ಇವರಲ್ಲಿ ಬಹುಪಾಲು ಮಂದಿಗೆ ಸ್ಥಾನವಿಲ್ಲ. ಹಾಗಾಗಿ ಅದರ ನೆರವೂ ಸುಲಭವಾಗಿ ಸಿಗದು. ಬೆಳಿಗ್ಗೆ ಬಸ್ಸು ಬಂದು ಮಗುವನ್ನು ಹಳೆಯ ಶಾಲೆಗೆ ಕರೆದೊಯ್ಯುತ್ತದೆ. ಸಂಜೆ ಅದು ಯಾವ ಬಾಗಿಲಿಗೆ ಮರಳಬೇಕೆಂಬುದನ್ನು ಮಾತ್ರ ಈ ಕಾನೂನು ಇನ್ನೂ ಹೇಳಿಲ್ಲ.