ಮೇಸ್ತ್ರಿಯಿಂದ ಏಜೆನ್ಸಿಯವರೆಗೆ: ಬಾಕಿ ಕೂಲಿಯ ಕಾನೂನು

ದುಡಿಸಿಕೊಳ್ಳುವವನು ಒಬ್ಬ, ಕೂಲಿ ಕೊಡುವವನು ಇನ್ನೊಬ್ಬ ಎಂಬ ಏರ್ಪಾಟು ಭಾರತದಲ್ಲಿ ಔಟ್‌ಸೋರ್ಸಿಂಗ್ ಏಜೆನ್ಸಿಗಳಿಗಿಂತ ಬಹಳ ಹಳೆಯದು. ಮುಂಬಯಿಯ ಗಿರಣಿಗಳಲ್ಲಿ ಜಾಬರ್, ಕಟ್ಟಡದ ಕೆಲಸಗಳಲ್ಲಿ ಜಮಾದಾರ, ಕೊಡಗಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ ಈ ಮಧ್ಯದ ಸ್ಥಾನದಲ್ಲಿದ್ದರು. ಮೇಸ್ತ್ರಿ ತೋಟದಿಂದ ಮುಂಗಡ ಪಡೆದು ಊರೂರಿಂದ ಆಳುಗಳನ್ನು ಕರೆತರುತ್ತಿದ್ದ. ಕೂಲಿ ತಲುಪದಿದ್ದರೆ ಕೇಳಬೇಕಾದ್ದು ಮೇಸ್ತ್ರಿಯನ್ನೋ ತೋಟದ ಧಣಿಯನ್ನೋ ಎಂಬುದೇ ತಕರಾರು. ಕೂಲಿ ಕಾನೂನಿನ ಇತಿಹಾಸ ಬಹುಮಟ್ಟಿಗೆ ಈ ತಕರಾರಿನ ಇತಿಹಾಸ.

ಕಂಪನಿ ಆಡಳಿತ ಮುಗಿದ ಮರುವರ್ಷವೇ, 1859ರಲ್ಲಿ, ಕೆಲಸಗಾರರ ಕರಾರುಭಂಗ ಕಾಯ್ದೆ ಬಂತು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸು ಅಥವಾ ಕೆಲಸ ಮುಗಿಸು ಎಂದು ಆದೇಶಿಸಬಹುದಿತ್ತು. ಮೀರಿದವನಿಗೆ 3 ತಿಂಗಳವರೆಗೆ ಸೆರೆ. ಕೂಲಿ ಕೊಡದ ಧಣಿಗೆ ಅದರಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ. ಈ ಏಕಪಕ್ಷೀಯ ಕಾಯ್ದೆ 1925ರಲ್ಲಿ ರದ್ದಾಯಿತು.

ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವಿಟ್ಲೆ ಆಯೋಗದ 1931ರ ವರದಿಯ ನಂತರ ಬಂದ 1936ರ ವೇತನ ಪಾವತಿ ಕಾಯ್ದೆ ಸಂಬಳಕ್ಕೆ ಗಡುವು ಹಾಕಿತು: 1000ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ವೇತನಾವಧಿ ಮುಗಿದ 7 ದಿನದೊಳಗೆ, ಉಳಿದೆಡೆ 10 ದಿನದೊಳಗೆ. ತಪ್ಪಿದರೆ ಅರ್ಜಿ ಹಾಕಲು ಪ್ರತ್ಯೇಕ ಪ್ರಾಧಿಕಾರವನ್ನೂ ಕೊಟ್ಟಿತು. ಆದರೆ ಕಾರ್ಖಾನೆಯ ಮ್ಯಾನೇಜರನನ್ನೂ ಸಂಬಳಕ್ಕೆ ಹೊಣೆ ಮಾಡುವ ಕಲಮಿನಲ್ಲಿ ಗುತ್ತಿಗೆದಾರನ ಆಳುಗಳನ್ನು ಬಿಟ್ಟು ಎಂಬ ಮಾತು ಸೇರಿಕೊಂಡಿತ್ತು. ಗುತ್ತಿಗೆಯ ಆಳು ಗುತ್ತಿಗೆದಾರನನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಅವನು ಅಷ್ಟರಲ್ಲಿ ಊರು ಬಿಟ್ಟಿದ್ದರೆ ಕಾಯ್ದೆಯಿಂದ ಹೆಚ್ಚಿನ ಉಪಯೋಗವಿರಲಿಲ್ಲ.

ಈ ಕಂದಕವನ್ನು ಮುಚ್ಚಿದ್ದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ. ಅದರ 21ನೇ ಕಲಮಿನ ಪ್ರಕಾರ ಬಟವಾಡೆಯ ಹೊತ್ತಿಗೆ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು, ಕೊಟ್ಟ ಮೊತ್ತವನ್ನು ದೃಢೀಕರಿಸಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ, ಕಡಿಮೆ ಕೊಟ್ಟರೆ, ಮೂಲ ಮಾಲೀಕನೇ ಆ ಹಣ ಕೊಟ್ಟು, ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕಿತ್ತು. ಗುತ್ತಿಗೆ ಪದ್ಧತಿಯನ್ನು ನಿಲ್ಲಿಸುವುದರಲ್ಲಿ ಈ ಕಾಯ್ದೆ ಸಾಧಿಸಿದ್ದು ಅಲ್ಪ. ಅದರ ನಿಜವಾದ ಬೆಲೆ ಇದ್ದುದು ಈ ಒಂದು ಕಲಮಿನಲ್ಲಿ.

ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳು ಆ ಕಲಮನ್ನು ಪರೀಕ್ಷೆಗೊಡ್ಡಿದವು. ಅಲ್ಲಿ ಕನಿಷ್ಠ ದಿನಗೂಲಿ 9.25 ರೂಪಾಯಿ ಇದ್ದರೆ, ಜಮಾದಾರರು ತಲೆಗೆ ಒಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಹೂಡಿದ ದಾವೆಯಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಕೆಲಸ ಗುತ್ತಿಗೆದಾರನದು ಎಂದು ಹೇಳಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು.

ಕೈಗಾರಿಕಾ ವಿವಾದ ಕಾಯ್ದೆಗೆ 1956ರಲ್ಲಿ ಸೇರಿದ 33-ಸಿ ಕಲಮು ಬಾಕಿ ವಸೂಲಿಗೆ ಇನ್ನೊಂದು ದಾರಿಯಾಗಿತ್ತು. ಇತ್ಯರ್ಥವಾದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದಿತ್ತು. ಆದರೆ ಎದುರು ಪಕ್ಷ ಇವನು ನಮ್ಮ ನೌಕರನೇ ಅಲ್ಲ ಎಂದುಬಿಟ್ಟರೆ ಆ ದಾರಿಯಲ್ಲಿ ಮುಂದೆ ಹೋಗುವುದು ಕಷ್ಟವಾಗಿತ್ತು. ಏಜೆನ್ಸಿ ನೌಕರರ ವಿಷಯದಲ್ಲಿ ಹೀಗೆ ಎಂದುಬಿಡುವುದು ಬಹಳ ಸುಲಭ.

2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳದ ವಿಚಾರಕ್ಕೆ ಸಿಡಿದೆದ್ದಾಗ, ಬಹುಪಾಲು ಜನ ಅಲ್ಲಿ ದುಡಿಯುತ್ತಿದ್ದುದು ಏಜೆನ್ಸಿಗಳ ಮೂಲಕವೇ. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಕಂಪನಿ ಬಳಿಕ ಒಪ್ಪಿಕೊಂಡಿತು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ವೇತನ ಕಾಯ್ದೆಗಳ ಜಾಗ ಹಿಡಿದಿದೆ. ಇಷ್ಟು ಸಂಬಳ ಮೀರಿದವರಿಗೆ ಅನ್ವಯವಿಲ್ಲ ಎಂಬ 1936ರ ಮಿತಿ ಈಗಿಲ್ಲ. ಅರ್ಜಿ ಸಲ್ಲಿಸಲು 3 ವರ್ಷ ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಏಜೆನ್ಸಿ ಕೊಡದಿದ್ದರೆ ನೌಕರ ದುಡಿದ ಸಂಸ್ಥೆಯ ಒಡೆತನ ಹೊಂದಿದವರೇ ಹೊಣೆ. ಬಾಕಿಯನ್ನು ಪಾವತಿಸಿದ್ದಾಗಿದೆ ಎಂದು ಸಾಬೀತುಪಡಿಸುವ ಭಾರವನ್ನೂ ಸಂಹಿತೆ ಮಾಲೀಕನ ಮೇಲೆಯೇ ಹಾಕಿದೆ.