ಮಳೆ ಬಂದ ರಾತ್ರಿ ದೊಡ್ಡಮ್ಮ ಯಾಕೆ ಮಲಗಲ್ಲ?

ಇವತ್ತಿನ ಸಂಚಿಕೆಯನ್ನ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಕ್ಕಂದೂರು ಕಡೆ ಇದ್ದ ನನ್ನ ದೊಡ್ಡಮ್ಮನ ಮನೆ ಮಣ್ಣಿನಡಿ ಹೋಯ್ತು. ಮನೆಯವರೆಲ್ಲ ಹೇಗೋ ಉಳ್ಕೊಂಡ್ರು. ಈಗ ಬೇರೆ ಕಡೆ ಹೊಸ ಮನೆ ಇದೆ. ಆದ್ರೂ ಜೋರು ಮಳೆ ಬಂದ ರಾತ್ರಿ ದೊಡ್ಡಮ್ಮ ಮಲಗಲ್ಲ. ಟಾರ್ಚು, ಒಂದು ಚೀಲ ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹತ್ರ ಕೂತಿರ್ತಾರೆ. ಚೀಲದಲ್ಲಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಜಮೀನಿನ ಕಾಗದ.

ಹೋದ ವರ್ಷ ನಾನು ಮೈಕ್ ಹಿಡ್ಕೊಂಡು ಹೋದೆ. ‘ಆವತ್ತು ರಾತ್ರಿ ಏನಾಯ್ತು ಹೇಳಿ ದೊಡ್ಡಮ್ಮ’ ಅಂದೆ. ‘ಬೇಡ ಮಗ’ ಅಂದ್ರು. ಹೇಳ್ಕೊಂಡ್ರೆ ಮನಸ್ಸು ಹಗುರ ಆಗುತ್ತೆ ಅಂತ ಬಿಡದೆ ಕೇಳಿದೆ. ಕೊನೆಗೆ ಹೇಳಿದ್ರು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ನಡುಗ್ತಾ ಇತ್ತು. ಆಮೇಲೆ ಮೂರು ರಾತ್ರಿ, ಮಳೆ ಇಲ್ಲದಿದ್ರೂ, ಅವರು ನಿದ್ದೆ ಮಾಡಲಿಲ್ಲ. ಅಕ್ಕ ಫೋನ್ ಮಾಡಿ ಸರಿಯಾಗಿ ಬೈದಳು.

ನಾನು ಓದಿದ್ದು ಬಿಕಾಂ, ಮನಸ್ಸಿನ ವಿಷಯ ಅಷ್ಟಾಗಿ ಗೊತ್ತಿಲ್ಲ. ಆದ್ರೆ ಬೈಸಿಕೊಂಡ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ದುರಂತ ಕಂಡವರ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನ ನಮ್ಮ ದೇಶ ಯಾವಾಗ ಕಲಿತು?

ಈ ತೊಂದರೆಗೆ ಹೆಸರು ಬಂದದ್ದರಲ್ಲಿ ಯುದ್ಧದ ಪಾತ್ರ ದೊಡ್ಡದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ನಡುಕವನ್ನ ‘ಶೆಲ್ ಶಾಕ್’ ಅಂತಿದ್ರು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’, ಅಂದ್ರೆ ಪಿಟಿಎಸ್‌ಡಿ, ಅನ್ನೋ ಹೆಸರು ಸೇರ್ತು. ನಡೆದದ್ದು ಕಣ್ಣ ಮುಂದೆ ಮತ್ತೆ ಮತ್ತೆ ಬರೋದು, ಅದನ್ನ ನೆನಪಿಸೋ ಜಾಗದಿಂದ ದೂರ ಓಡೋದು, ಸಣ್ಣ ಸದ್ದಿಗೂ ಬೆಚ್ಚಿಬೀಳೋದು, ನಿದ್ದೆ ಬರದೇ ಇರೋದು. ಇದು ತಿಂಗಳಿಗಿಂತ ಹೆಚ್ಚು ನಡೆದು ಬದುಕಿಗೇ ಅಡ್ಡ ಬಂದಾಗ ಡಾಕ್ಟರುಗಳು ಆ ಹೆಸರು ಬಳಸ್ತಾರೆ.

ಈಗ ನಮ್ಮ ಕಡೆ ಬರೋಣ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ಸುಮಾರು ನಾಲ್ಕು ಗಂಟೆ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ. ಹಿಂದಿನ ದಿನ ಗಣೇಶನನ್ನ ನೀರಿಗೆ ಬಿಟ್ಟು ಬಂದು ಜನ ಮಲಗಿದ್ರು. ಭೂಮಿ ನಡುಗ್ತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೇ ಬಿದ್ವು. ಹತ್ತಿರ ಹತ್ತಿರ 10,000 ಜನ ಸತ್ರು. ಬೀದರ್, ಕಲಬುರಗಿ ಕಡೆಯ ಹಿರಿಯರನ್ನ ಕೇಳಿ ನೋಡಿ, ಆ ನಡುಕ ಅವರಿಗೂ ನೆನಪಿರುತ್ತೆ. ಆಮೇಲೆ ಎಷ್ಟೋ ಜನ ಕಲ್ಲಿನ ಮನೆಯೊಳಗೆ ಮಲಗೋಕೆ ಹೆದರಿದ್ರು. ದೊಡ್ಡಮ್ಮನಿಗೆ ಮಳೆ ಹೇಗೋ, ಅವರಿಗೆ ಸೂರು ಹಾಗೆ.

ದುರಂತ ಆದಾಗ ಸರ್ಕಾರ ಲೆಕ್ಕ ಮಾಡುತ್ತೆ. ಮನೆ ಎಷ್ಟು, ದನ ಎಷ್ಟು, ಬೆಳೆ ಎಷ್ಟು. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ಆ ಪಟ್ಟಿಯಲ್ಲಿ ನಿದ್ದೆಗೆ ಕಾಲಂ ಇರಲ್ಲ. ಆ ಕಾಲಂ ಬೇಕು ಅಂತ ಹೇಳಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮುಖ್ಯ. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತವರ ಜೊತೆಗಾರರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ಕೈಪಿಡಿ ಬರೆದ್ರು.

ಆದ್ರೆ ಹಳ್ಳಿ ಹಳ್ಳಿಗೂ ಮನೋವೈದ್ಯರನ್ನ ಎಲ್ಲಿಂದ ತರೋದು? 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಸೂಪರ್ ಸೈಕ್ಲೋನ್ ಬಡೀತು. ಸಮುದ್ರ ಒಳನುಗ್ಗಿ ಎರಸಮಾ ಭಾಗದ ಊರುಗಳನ್ನೇ ತೊಳ್ಕೊಂಡು ಹೋಯ್ತು. ಅಲ್ಲಿ ಬೇರೆ ದಾರಿ ಹಿಡಿದ್ರು. ಅದೇ ಊರಿನವರಿಗೆ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸೋದು. 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎರಡರಲ್ಲೂ ಇದೇ ದಾರಿ ಮುಂದುವರೀತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೇ ತಂತು.

ಆ ಕಾರ್ಯಕರ್ತರಿಗೆ ಏನು ಕಲಿಸ್ತಿದ್ರು ಗೊತ್ತಾ? ನೊಂದವರು ಮನಸ್ಸು ಬಿಚ್ಚೋಕೆ ಜಾಗ ಕೊಡಿ. ಅವರ ಜಾಗದಲ್ಲಿ ನಿಂತು ಯೋಚಿಸಿ. ಗಮನವಿಟ್ಟು ಕೇಳಿ. ನೆಂಟರು, ಅಕ್ಕಪಕ್ಕದವರ ಜೊತೆ ಸೇರಿಸಿ. ಕೈಗೆ ಏನಾದ್ರೂ ಕೆಲಸ ಸಿಗಲಿ. ಆಟ, ವಿಶ್ರಾಂತಿ ಇರಲಿ. ನಂಬಿಕೆ ಇರೋರಿಗೆ ಪೂಜೆ, ಪ್ರಾರ್ಥನೆಯೂ ಇರಲಿ. ನಮ್ಮಜ್ಜಿ ಕಾಲದವರು ಸಾವಿನ ಮನೆಗೆ ಹೋಗಿ ಸುಮ್ಮನೆ ಕೂತು ಬರ್ತಿದ್ರಲ್ಲ, ಹೆಚ್ಚುಕಡಿಮೆ ಅದೇ.

ನನ್ನ ತಪ್ಪು ಇಲ್ಲೇ ಗೊತ್ತಾಗಿದ್ದು. ಜಾಗ ಕೊಡೋದು ಬೇರೆ, ಬಾಯಿ ಬಿಡಿಸೋದು ಬೇರೆ. ಒಂದು ಕಾಲದಲ್ಲಿ ವಿದೇಶಗಳಲ್ಲೂ ನನ್ನ ಹಾಗೇ ನಂಬಿದ್ರು. ದುರಂತ ಆದ ತಕ್ಷಣ ಎಲ್ಲರನ್ನೂ ಕೂರಿಸಿ ಎಲ್ಲವನ್ನೂ ಹೇಳಿಸೋ ‘ಡಿಬ್ರೀಫಿಂಗ್’ ಪದ್ಧತಿ 1980ರ ದಶಕದಲ್ಲಿ ಹರಡ್ತು. ಆಮೇಲೆ ಪರೀಕ್ಷಿಸಿ ನೋಡಿದಾಗ ಅಂಥ ಒಂದೇ ಸಲದ ಕೂಟ ಪಿಟಿಎಸ್‌ಡಿ ತಡೆಯಲ್ಲ ಅಂತ ಗೊತ್ತಾಯ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸ ಹೇಳುತ್ತೆ. ನೋಡಿ, ಕೇಳಿ, ಬೇಕಾದ ಸಹಾಯಕ್ಕೆ ಜೋಡಿಸಿ. ಕಥೆ ಹೇಳಿ ಅಂತ ಒತ್ತಾಯ ಮಾಡಬೇಡಿ ಅಂತಾನೂ ಹೇಳುತ್ತೆ.

ಹಾಗಂತ ಜೊತೆ ಕೂತ್ರೆ ಎಲ್ಲ ವಾಸಿ ಆಗುತ್ತೆ ಅಂತ ಅಲ್ಲ. ಹೆಚ್ಚಿನವರು ದಿನ ಕಳೆದ ಹಾಗೆ ಚೇತರಿಸ್ಕೊಳ್ತಾರೆ. ಕೆಲವರು ಆಗಲ್ಲ. ಅವರಿಗೆ ತರಬೇತಿ ಪಡೆದವರ ಚಿಕಿತ್ಸೆ ಇದೆ, ಔಷಧಿ ಇದೆ. ಅಲ್ಲಿ ಹಳೇ ನೆನಪನ್ನ ಮಾತಾಡಿಸ್ತಾರೆ ನಿಜ, ಆದ್ರೆ ನಿಧಾನಕ್ಕೆ, ಅವರ ಒಪ್ಪಿಗೆ ಕೇಳಿ. ನಿಮ್ಮ ಮನೆಯಲ್ಲೂ ಇಂಥವರಿದ್ರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡಮ್ಮನ ರೆಕಾರ್ಡಿಂಗ್ ಈ ಸಂಚಿಕೆಯಲ್ಲಿ ಇಲ್ಲ. ಡಿಲೀಟ್ ಮಾಡಿದೀನಿ. ಅವರ ವಿಷಯ ಇಷ್ಟು ಹೇಳಬಹುದಾ ಅಂತ ಮೊದಲೇ ಕೇಳಿ, ಹೂಂ ಅಂದ ಮೇಲೆ ಹೇಳ್ತಿದೀನಿ.

ಈ ಜುಲೈನಲ್ಲಿ ಮೈಕ್ ಇಲ್ಲದೆ ಹೋಗಿದ್ದೆ. ರಾತ್ರಿ ಮಳೆ ಹಿಡೀತು. ದೊಡ್ಡಮ್ಮ ಬಾಗಿಲ ಹತ್ರ ಕೂತ್ರು, ನಾನೂ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಕಾಫಿ ತೋಟದ ಮಾತು, ಅಕ್ಕನ ಮಗನ ಮಾರ್ಕ್ಸ್ ಮಾತು ಆಯ್ತು. ಎರಡು ಗಂಟೆ ಆಗಿರಬೇಕು, ‘ನೀನು ಎಚ್ಚರ ಇರ್ತೀಯಲ್ಲ ಮಗ?’ ಅಂದ್ರು. ಇರ್ತೀನಿ ಅಂದೆ. ಒಳಗೆ ಹೋಗಿ ಒಂದು ಗಂಟೆ ಮಲಗಿದ್ರು. ಡಾಕ್ಟರ ಹತ್ರ ಬರೋಕೆ ಇನ್ನೂ ಒಪ್ಪಿಲ್ಲ. ಮತ್ತೆ ಕೇಳ್ತೀನಿ, ಒತ್ತಾಯ ಮಾಡದೆ.